ದೊರೆ ಅರ್ಧಕ್ಕೆ ಬಿಟ್ಟ ಮಂಟಪ

ಇವತ್ತು ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳಂತೆಯೇ ಶುರುವಾಯಿತು. ಹೊಸ್ತಿಲು ಒರೆಸಿ ಎರಡೆಳೆ ರಂಗೋಲಿ ಬಿಟ್ಟೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಪಾತ್ರೆಗೆ ಸುರಿದು, ಒಲೆ ಸಣ್ಣಗೆ ಮಾಡಿದೆ. ಕತ್ತರಿಸಿದ ಆ ಪುಟ್ಟ ಮೂಲೆಯನ್ನು ಎಷ್ಟು ಜೋಪಾನವಾಗಿ ಬುಟ್ಟಿಗೆ ಹಾಕಿದರೂ ಅದು ಹೇಗೋ ನನ್ನ ಅಂಗಾಲಿಗೆ ಅಂಟಿಕೊಂಡು ದೇವರ ಕೋಣೆಯವರೆಗೂ ಬರುತ್ತದೆ, ಇವತ್ತೂ ಬಂತು. ನಮ್ಮ ಯಜಮಾನರು ಪಶುವೈದ್ಯರಾಗಿದ್ದು ನಿವೃತ್ತರಾದವರು. ಜಗಲಿಯಲ್ಲಿ ಪೇಪರಿನ ಹಿಂದಿನಿಂದಲೇ "ಕಾಫಿ ಆಯ್ತಾ?" ಅಂದರು. "ಹಾಲು ಕಾಯಬೇಕಲ್ರೀ" ಅಂದು ದಾಸವಾಳ ಬಿಡಿಸಲು ಹಿತ್ತಲಿಗೆ ಹೋದೆ.

ಅಲ್ಲಿ ಆ ವಾಸನೆ ಬಂತು.

ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವಂಥದ್ದೇ, ಆದರೆ ಅದಕ್ಕಿಂತ ಖಾರ. ಮೂಗಿನೊಳಗೆ ಮೆಲ್ಲಗೆ ಕಚ್ಚುತ್ತದೆ. ಪಕ್ಕದ ಮನೆಗೆ ಹೋದ ತಿಂಗಳಷ್ಟೇ ಜಗಳೂರಿನಿಂದ ಬಂದಿರುವ ಲಲಿತಾ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿಯುತ್ತಿದ್ದಳು. ಬಿಳಿ ಕಲ್ಲುಗಳು ಕೊತಕೊತ ಕುದಿದು, ಸೀಳಿ, ಹೂವಿನಂತೆ ಅರಳಿಕೊಳ್ಳುತ್ತಿದ್ದವು.

"ದೂರ ನಿಲ್ರಿ ಅಕ್ಕಾರೇ, ಸಿಡಿತೈತೆ!" ಎಂದು ಕೂಗಿದಳು.

ನಾನು ನಿಂತಲ್ಲೇ ನಿಂತಿದ್ದೆ. ಕೈಯಲ್ಲಿ ಒಂದೇ ದಾಸವಾಳ. ಒಳಗೆ ಹಾಲು ಉಕ್ಕಿ ಒಲೆಯೆಲ್ಲ ಹರಿದು, ಯಜಮಾನರು "ಶೈಲಾ!" ಅಂದದ್ದೂ ಕೇಳಿಸಿತು. ಆದರೆ ನನ್ನ ಮನಸ್ಸು ಆಗಲೇ ಹೊಳೆದಂಡೆಯ ಮಂಟಪಕ್ಕೆ, ನಾವು ಮೂವರು ಹೆಂಗಸರು ಹುಚ್ಚು ಹಿಡಿದವರಂತೆ ಓಡಾಡಿದ ಆ ಬೇಸಿಗೆಗೆ ಹೋಗಿಬಿಟ್ಟಿತ್ತು.

ಹೊನ್ನಾಳಿಯಲ್ಲಿ ನಮ್ಮ ಬೀದಿ ಮುಗಿಯುವಲ್ಲಿ ಹೊಳೆಯ ಕಡೆಗೆ ಇಳಿಯುವ ಒಂದು ಹಳೆಯ ತೋಟವಿದೆ. ಊರಿನವರು ಅದಕ್ಕೆ ದೊರೆ ಬಂಗಲೆ ತೋಟ ಅನ್ನುತ್ತಾರೆ. ಯಾವುದೋ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದ ಒಬ್ಬ ಎಂಜಿನಿಯರ್ ಅಲ್ಲಿ ಇದ್ದನಂತೆ. ಅವನ ಬಂಗಲೆಯ ಹೆಂಚು ಉದುರಿ ಬಹಳ ಕಾಲವಾಗಿತ್ತು. ಆದರೆ ತೋಟದ ತುದಿಯಲ್ಲಿ, ತುಂಗಭದ್ರೆಗೆ ಮುಖ ಮಾಡಿ, ಅವನು ಕಟ್ಟಿಸಿದ ಮಂಟಪ ಉಳಿದಿತ್ತು. ಮಂಟಪ ಅಂದರೆ ಪೂರ್ತಿ ಮಂಟಪವಲ್ಲ. ಅರ್ಧಚಂದ್ರದಂತೆ ಬಾಗಿದ ಒಂದು ಗೋಡೆ. ನಡುವೆ ಎತ್ತರ, ಎರಡೂ ತುದಿಗೆ ಹಲ್ಲು ಮುರಿದ ಬಾಚಣಿಗೆಯಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ನೆತ್ತಿಯಿಲ್ಲದ ಒಂದು ಕಮಾನು. ಮೂರು ಕಲ್ಲಿನ ಕಂಬ: ಒಂದು ಎತ್ತರಕ್ಕೆ ನಿಂತಿದೆ, ಒಂದು ಸೊಂಟದವರೆಗೆ, ಇನ್ನೊಂದು ಹುಲ್ಲಿನಲ್ಲಿ ಮಲಗಿದೆ. ಚಾವಣಿ ಇಲ್ಲವೇ ಇಲ್ಲ. ಗೋಡೆಗೆ ಒತ್ತಿದಂತೆ ಒಂದು ಉದ್ದನೆಯ ಕಲ್ಲುಬೆಂಚು.

ಅರ್ಧಕ್ಕೆ ಯಾಕೆ ನಿಂತಿತು ಅನ್ನುವುದಕ್ಕೆ ಮನೆಗೊಂದು ಕಥೆ. ದೊರೆ ಚಳಿಜ್ವರ ಬಂದು ಸತ್ತ ಅಂತ ಒಬ್ಬರು. ದೊರೆಸಾನಿ ಸಿಟ್ಟು ಮಾಡಿಕೊಂಡು ಹಡಗು ಹತ್ತಿದಳು ಅಂತ ಇನ್ನೊಬ್ಬರು. ನಮ್ಮ ಎದುರು ಮನೆಯ ಗಿರಿಜಕ್ಕ ಮಾತ್ರ ಯಾವ ಕಥೆಯನ್ನೂ ನಂಬದೆ, ತಮ್ಮ ಅತ್ತೆ ಮಾಡುತ್ತಿದ್ದಂತೆಯೇ, ಹಳೆಯದು ಮಳೆಗೆ ಕೊಳೆತಾಗಲೆಲ್ಲ ಆ ಕಮಾನಿಗೆ ಹೊಸ ದೃಷ್ಟಿಗೊಂಬೆ ಕಟ್ಟುತ್ತಿದ್ದರು. ಹುಲ್ಲು ತುಂಬಿದ ಹಳೇ ಅಂಗಿ, ಮಡಕೆ ತಲೆ, ಇದ್ದಿಲಿನ ಮೀಸೆ. ಮನೆ ಕಟ್ಟುವಾಗ ಎಲ್ಲರೂ ಕಟ್ಟುವಂಥದ್ದೇ.

"ಕಟ್ಟಡ ಮುಗಿಯೋ ತಂಕ ದೃಷ್ಟಿ ತಾಗಬಾರ್ದು ಅಂತ ಕಟ್ಟೋದಲ್ವೇನು? ಇದಿನ್ನೂ ಮುಗಿದಿಲ್ಲ. ಅದಕ್ಕೆ ಕಟ್ತೀನಿ" ಅನ್ನುತ್ತಿದ್ದರು.

ಯಜಮಾನರ ನೌಕರಿಯ ಹಿಂದೆ ನಾನು ಊರೂರು ಸುತ್ತಿದವಳು. ಜಗಳೂರಿನಲ್ಲಿ ಇದ್ದಾಗ ಕುರಿಗಳ ಗಂಟೆಯ ಸದ್ದು ಬಿಟ್ಟರೆ ಮಧ್ಯಾಹ್ನಕ್ಕೆ ಮಾತೇ ಇರಲಿಲ್ಲ. ಚನ್ನಗಿರಿಯಲ್ಲಿ ಅಡಿಕೆ ಬೇಯಿಸುವ ಹೊಗೆ ಸೀರೆಗೆ ಹತ್ತುವಷ್ಟರಲ್ಲಿ ಮತ್ತೆ ವರ್ಗ. ಗೆಳತಿಯರು ಅಂತ ಆದದ್ದು ಹೊನ್ನಾಳಿಯಲ್ಲೇ, ಅದೂ ಆ ಕಲ್ಲುಬೆಂಚಿನ ಮೇಲೆ. ಗಂಡಸರಿಗೆ ಹೋಟೆಲಿನ ಬೆಂಚಿದೆ, ಅರಳಿಕಟ್ಟೆಯಿದೆ, ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯಿದೆ. ಹೆಂಗಸರು ಸುಮ್ಮನೆ ಒಂದು ಕಡೆ ಕೂತರೆ "ಏನ್ರೀ, ಯಾರಿಗೆ ಕಾಯಾಕೆ ಹತ್ತೀರಿ?" ಅಂತ ಕೇಳುತ್ತಾರೆ. ಮಂಟಪದಲ್ಲಿ ಯಾರೂ ಕೇಳುತ್ತಿರಲಿಲ್ಲ. ಬಿಸಿಲು ಬಾಗಿದ ಮೇಲೆ ಆ ಬಾಗಿದ ಗೋಡೆ ನೆರಳು ಹಾಸುತ್ತಿತ್ತು. ಗಿರಿಜಕ್ಕ ಮಂಡಕ್ಕಿ ಕಟ್ಟಿಕೊಂಡು ಬರುತ್ತಿದ್ದರು. ಅಂಗನವಾಡಿ ಮುಗಿಸಿ ಬರುವ ಸುಜಾತಾ ದಾರಿಯಲ್ಲಿ ಮಿರ್ಚಿ ತರುತ್ತಿದ್ದಳು. ನಾನು ಹೊಲಿಗೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬೆರಳಿಗೆ ಕಲಿಸಿದ ಕಸೂತಿ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆ ವರ್ಷ ಯುಗಾದಿ ಮುಗಿದ ಮೇಲೆ ಒಂದು ಸಂಜೆ, ತೋಟದ ಗೇಟಿನ ಮುಂದೆ ಬಿಳಿ ಕಾರು ನಿಂತಿತು. ತೋಟ ಕೊಂಡಿದ್ದ ಚನ್ನಗಿರಿಯ ಅಡಿಕೆ ವ್ಯಾಪಾರಿ ಮುರುಗೇಂದ್ರಪ್ಪನವರು ಇಳಿದರು. ಹಣೆಯ ತುಂಬ ವಿಭೂತಿ, ಒಳ್ಳೆಯ ನಗುಮುಖ. ಇಲ್ಲಿ ಮದುವೆ ಛತ್ರ ಕಟ್ಟಿಸುತ್ತೇನೆ, ಬಸವ ಜಯಂತಿಗೆ ಪಾಯ ಅಂದರು. ಮಂಟಪದ ಕಡೆ ನೋಡಿ, "ಇದನ್ನ ತೆಗೆಸಿಬಿಡ್ತೀನಿ" ಅಂದರು.

ಗಿರಿಜಕ್ಕನ ಕೈಯಲ್ಲಿದ್ದ ಮಂಡಕ್ಕಿ ಹಾಗೇ ನಿಂತಿತು. "ಯಾಕ್ರೀ ಅಣ್ಣಾರೇ? ಅದು ನಿಮಗೇನು ಮಾಡೈತೆ?"

"ತಂಗೀ, ಮದುವೆ ಆದ ಹುಡುಗ ಹುಡುಗಿ ಛತ್ರದಿಂದ ಹೊರಗೆ ಬಂದು ಮೊದಲು ಏನು ನೋಡಬೇಕು? ಅರ್ಧಕ್ಕೆ ನಿಂತ ಮನೆನಾ? ಬೀಗರು ನನ್ನ ಛತ್ರಕ್ಕೆ ಕಾಲಿಡ್ತಾರೇನು?"

"ಪೂರ್ತಿ ಆಗಿದ್ರೆ?" ಸುಜಾತಾ ಕೇಳಿದಳು.

"ಪೂರ್ತಿ ಆಗಿದ್ರೆ ನಾನ್ಯಾಕೆ ಮುಟ್ಟಲಿ? ನೂರು ವರ್ಷದಿಂದ ಮುಗಿದಿಲ್ಲ. ಬೇಕಾದ್ರೆ ನೀವೇ ಮುಗಿಸ್ರಿ!" ಎಂದು ನಕ್ಕು ಕಾರು ಹತ್ತಿದರು.

ಕಾರಿನ ಧೂಳು ಮೆಲ್ಲಗೆ ಇಳಿಯಿತು. ಆಮೇಲೆ ಗಿರಿಜಕ್ಕ ಸೆರಗು ಕೊಡವಿದರು. "ಕೇಳಿಸಿಕೊಂಡ್ರೇನು? ಮುಗಿಸ್ರಿ ಅಂದ್ರು."

"ಅವರು ನಗಾಡಿದ್ದು ಗಿರಿಜಕ್ಕ" ಅಂದೆ.

"ನಗಾಡ್ಕೊಂಡು ಹೇಳಿದ್ರೂ ಬಾಯಿಂದ ಬಂದಿದ್ದು ಮಾತೇ ಹೌದಲ್ಲ? ನಾವು ಮೂವರೂ ಸಾಕ್ಷಿ."

ಸುಜಾತಾ ಬುದ್ಧನ ಪಟವಿಟ್ಟುಕೊಂಡ ಮನೆಯವಳು. ಶಕುನ ಗಿಕುನ ಅಂದರೆ ಮೂಗು ಮುರಿಯುತ್ತಾಳೆ. ಅವಳು ಅಂದಳು: "ಅಪಶಕುನ ನಾನು ನಂಬಲ್ಲ. ಆದ್ರೆ ಅದನ್ನ ನಂಬೋರಿಂದ ಈ ಬೆಂಚು ಉಳಿಯೋದಾದ್ರೆ ನಾನೂ ಇಟ್ಟಿಗೆ ಹೊರ್ತೀನಿ. ನಡೀರಿ ಶೈಲಕ್ಕ."

ನನ್ನೊಳಗೆ ಏನೋ ಜಿಗಿಯಿತು. ಅಷ್ಟು ವರ್ಷ ಬಾಡಿಗೆ ಮನೆಗಳಿಗೆ ಪರದೆ ಹೊಲಿದು ಬಿಟ್ಟುಬಂದವಳು ನಾನು. ಒಂದು ಗೋಡೆಗೆ ಒಂದು ಇಟ್ಟಿಗೆ ಇಟ್ಟವಳಲ್ಲ.

ನ್ಯಾಮತಿಯಿಂದ ಇಮಾಮ್‌ಸಾಬ್ ಬಂದರು. ಗಿರಿಜಕ್ಕನ ಮನೆಗೆ ಯಾವಾಗಲೂ ಗಾರೆ ಕೆಲಸ ಮಾಡುವವರು, ಮಾತಿನ ಮಲ್ಲ. ಮಂಟಪವನ್ನು ಒಂದು ಸುತ್ತು ಹಾಕಿ, "ಸಿಮೆಂಟ್ ತರಿಸ್ರಿ ಬೆಹೆನ್‌ಜೀ. ಒಂದು ವಾರದಾಗೆ ತಾಜ್‌ಮಹಲ್ ಮಾಡಿಕೊಡ್ತೀನಿ" ಅಂದರು. ಆದರೆ ಸಿಮೆಂಟ್ ತರಿಸಬೇಕೆಂದರೆ ಅಂಗಡಿಗೆ ಗಂಡಸರು ಹೋಗಬೇಕು, ಗಂಡಸರು ಹೋದರೆ ಯಾಕೆ ಏನು ಅಂತ ಊರೆಲ್ಲ ಆಗಬೇಕು. ಗಿರಿಜಕ್ಕನ ಹಿತ್ತಲಿನ ಗುಂಡಿಯಲ್ಲಿ ಮನೆ ರಿಪೇರಿಗೆಂದು ಅರಳಿಸಿದ್ದ ಸುಣ್ಣ ಬೇಕಾದಷ್ಟಿತ್ತು. ಅದೇ ಸಾಕು ಅಂತ ತೀರ್ಮಾನವಾಯಿತು.

"ಸುಣ್ಣದ ಗಾರೆ ಸೋಮಾರಿ ರೀ," ಇಮಾಮ್‌ಸಾಬ್ ಗೊಣಗಿದರು. "ಒಣಗಾಕೆ ತಿಂಗಳುಗಟ್ಟಲೆ ಬೇಕು."

"ನಾವೇನು ಬಸ್ ಹಿಡೀಬೇಕೇನು? ಒಣಗಲಿ ಬಿಡ್ರಿ" ಅಂದರು ಗಿರಿಜಕ್ಕ.

ಏನು ದಿನಗಳವು! ಬೆಳಗಿನ ತಿಂಡಿ ಮುಗಿಸಿ, ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕಿಟ್ಟು, ಬಾಂಡ್ಲಿ ಹಿಡಿದು ಓಡುತ್ತಿದ್ದೆ. ಹೊಳೆ ಬತ್ತಿ ಬಂಡೆಗಳ ಬೆನ್ನು ಕಾಣುತ್ತಿತ್ತು, ಅಲ್ಲಿಂದಲೇ ಮರಳು. ಸುಣ್ಣ ತಾಗಿ ಬೆರಳ ತುದಿ ಉರಿದರೆ ಕೊಬ್ಬರಿ ಎಣ್ಣೆ. ಯಜಮಾನರು ಒಂದು ದಿನ ನನ್ನ ಕೈ ಹಿಡಿದು ನೋಡಿ, "ಏನಿದು, ಎಮ್ಮೆಗೆ ಬರೋ ಚರ್ಮದ ಕಾಯಿಲೆ ಇದ್ದಂಗಿದೆಯಲ್ಲ?" ಅಂದರು. ವಿಷಯ ಹೇಳಿದೆ. ಬಹಳ ಹೊತ್ತು ನಕ್ಕರು. ಮರುದಿನ ಅವರೇ ಕೆಂಪು ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಕಳಿಸಿದರು. ಹಸುವಿಗೆ ಕಷ್ಟದ ಹೆರಿಗೆ ಮಾಡಿಸಿದ್ದಕ್ಕೆ ಭಟ್ಟಿಯವನು ಪ್ರೀತಿಯಿಂದ ಕೊಟ್ಟದ್ದಂತೆ.

ಕೆಲಸದ ನಡುವೆ ಇಮಾಮ್‌ಸಾಬ್‌ಗೆ ಒಂದು ಕಿರಿಕಿರಿ. ಮೆಟ್ಟಿಲಿನಂತೆ ಇಳಿದಿದ್ದ ಗೋಡೆಯ ತುದಿಗೆ ಹೊಸ ಇಟ್ಟಿಗೆ ಸರಿಯಾಗಿ ಕಚ್ಚುತ್ತಿರಲಿಲ್ಲ. "ಯಾ ಅಲ್ಲಾ, ಮೇಲ್ತುದಿಗೂ ನುಣ್ಣಗೆ ಗಾರೆ ಬಳಿದಾರೆ. ಇನ್ನೂ ಎತ್ತರ ಏರಿಸೋ ಗೋಡೆಗೆ ಯಾರಾದ್ರೂ ಹಿಂಗೆ ಬಳೀತಾರಾ?" ನಾನೂ ಕೈಯಾಡಿಸಿ ನೋಡಿದೆ. ಹೌದು, ಗಾಜಿನಂಥ ನುಣುಪು. ಹುಲ್ಲಿನಲ್ಲಿ ಮಲಗಿದ್ದ ಕಂಬದ ಮುರಿದ ತುದಿಯಲ್ಲೂ ಉಳಿಯ ಸಣ್ಣ ಸಣ್ಣ ಗುರುತು ಒಂದೇ ಸಮನೆ ಇದ್ದವು. ಚಂದ ಇದೆ ಅಂದುಕೊಂಡೆನೇ ಹೊರತು ಮುಂದೆ ಯೋಚಿಸಲಿಲ್ಲ. "ಅದರ ಮೇಲೇ ಇಡ್ರಿ" ಅಂದೆವು. ಅವರು ಇಟ್ಟರು.

ಬಸವ ಜಯಂತಿಯ ಹಿಂದಿನ ದಿನದ ಹೊತ್ತಿಗೆ ಗೋಡೆಯ ಹಲ್ಲುಗಳೆಲ್ಲ ತುಂಬಿ ಮಟ್ಟವಾಗಿದ್ದವು. ಕಮಾನಿಗೆ ನೆತ್ತಿ ಬಂದಿತ್ತು, ಮೇಲೆ ತಗಡಿನ ಚಾವಣಿ. ಮುಂದಿನ ಬದಿಗೂ ಒಂದು ಗೋಡೆ ಎಬ್ಬಿಸಿ, ಇಮಾಮ್‌ಸಾಬ್ ತಮ್ಮ ಕಡೆಯಿಂದ ಕಾಣಿಕೆ ಅಂತ ಒಂದು ಗವಾಕ್ಷಿ ಇಟ್ಟಿದ್ದರು. ಗಿರಿಜಕ್ಕ ಹಾಲುಕ್ಕಿಸಲು ಹೊಸ ಪಾತ್ರೆ ತಂದರು. ಹೊಳೆ ಕಾಣುತ್ತಿರಲಿಲ್ಲ, ಬೆಂಚಿನ ಮೇಲೆ ಕತ್ತಲೆ, ತಗಡಿನ ಕಾವು. ಮೂವರಿಗೂ ಅದು ಗೊತ್ತಾಗಿತ್ತು. ಆದರೂ ಬೆಂಚು ಉಳಿದರೆ ಸಾಕಾಗಿತ್ತು.

ಆಗಲೇ ಬಿಳಿ ಕಾರು ಬಂತು. ಅದರ ಹಿಂದೆ ಹಳದಿ ಜೆಸಿಬಿ.

ಮುರುಗೇಂದ್ರಪ್ಪನವರು ಇಳಿದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. "ಇದೇನ್ರೀ ಇದು? ಪಂಪ್‌ಸೆಟ್ ಮನೆ ಇದ್ದಂಗೈತೆ!"

"ನೀವೇ ಮುಗಿಸ್ರಿ ಅಂದಿದ್ರಲ್ಲ ಅಣ್ಣಾರೇ" ಅಂದರು ಗಿರಿಜಕ್ಕ, ಪಾತ್ರೆಯನ್ನು ಎದೆಗೆ ಒತ್ತಿಕೊಂಡು.

"ನಾನು ತಮಾಷೆಗೆ ಅಂದಿದ್ದು ತಾಯೀ!"

ಅವರ ಹಿಂದೆಯೇ ಆಟೋದಲ್ಲಿ ಬಂದಿಳಿದವಳು ಛತ್ರದ ನಕ್ಷೆ ಮಾಡುವ ಹುಡುಗಿ, ನಂದಿನಿ, ಶಿವಮೊಗ್ಗದವಳು. ಅವಳು ತಲೆಯ ಮೇಲೆ ಕೈ ಹೊತ್ತು ನಿಂತುಬಿಟ್ಟಳು. "ಅಯ್ಯೋ! ಮುಚ್ಚಿಬಿಟ್ಟಿದೀರಾ? ಸರ್ ಕಳಿಸಿದ ಫೋಟೋ ನೋಡಿ ನಾನು ಓಡಿ ಬಂದಿದ್ದೇ ಇದಕ್ಕೆ. ಕೆಡವಬೇಡಿ ಅಂತ ಹೇಳೋದಕ್ಕೆ."

"ಅರ್ಧಕ್ಕೆ ನಿಂತ ಮನೆನ ಉಳಿಸ್ಕೊಂಡು ಏನು ಮಾಡ್ಲವ್ವ?" ಅಂದರು ಮುರುಗೇಂದ್ರಪ್ಪನವರು.

"ಅದು ಅರ್ಧಕ್ಕೆ ನಿಂತಿದ್ದಲ್ಲ ಸರ್. ಕಟ್ಟಿಸಿದ್ದೇ ಹಾಗೆ."

ಫೋನು ತೆಗೆದು ತೋರಿಸಿದಳು. ಇಂಗ್ಲೆಂಡಿನ ಯಾವುದೋ ಸಾಹುಕಾರರ ಎಸ್ಟೇಟು. ಹಸಿರು ಇಳಿಜಾರು, ಕೆರೆ, ಕೆರೆಯ ದಂಡೆಯಲ್ಲಿ ಮುರಿದ ಕಮಾನು, ಮೆಟ್ಟಿಲಾಗಿ ಇಳಿದ ಗೋಡೆ, ಹುಲ್ಲಿನಲ್ಲಿ ಮಲಗಿದ ಕಂಬ. ನಮ್ಮ ಮಂಟಪದ ಅಣ್ಣನೋ ತಮ್ಮನೋ ಅನ್ನುವ ಹಾಗೆ. ಅಲ್ಲಿನ ದೊಡ್ಡವರು ತೋಟದಲ್ಲಿ ವಿಹಾರ ಮಾಡುವಾಗ ನೋಡಲು ಚಂದ ಅಂತ, ಹೊಸ ಕಟ್ಟಡವನ್ನೇ ಪಾಳು ಬಿದ್ದ ಹಾಗೆ ಕಟ್ಟಿಸುತ್ತಿದ್ದರಂತೆ. ನಮ್ಮ ದೊರೆ ಅಂಥದ್ದನ್ನು ಊರಲ್ಲಿ ನೋಡಿ ಬೆಳೆದವನಿರಬೇಕು. ಹೊಳೆ ಕಂಡಾಗ ನೆನಪಾಗಿ ಕಟ್ಟಿಸಿರಬೇಕು ಅಂದಳು.

ನನಗೆ ಥಟ್ಟನೆ ನೆನಪಾಯಿತು. ಕಾನ್ವೆಂಟಿನ ಇಂಗ್ಲಿಷ್ ಪುಸ್ತಕದಲ್ಲಿ ಹಾಗೇ ಒಂದು ಚಿತ್ರವಿತ್ತು: ಟೋಪಿ ಹಾಕಿದ ಹೆಂಗಸು, ಮುರಿದ ಕಂಬಗಳ ನಡುವೆ ಪುಸ್ತಕ ಓದುತ್ತಾ ಕೂತಿದ್ದಾಳೆ. ಚಿತ್ರ ಬರೆದವನು ಸೋಮಾರಿ, ಕಂಬ ಪೂರ್ತಿ ಬರೆದಿಲ್ಲ ಅಂತ ನಾನು ಪೆನ್ಸಿಲಿನಿಂದ ಉಳಿದರ್ಧ ಬರೆದು ಸಿಸ್ಟರ್ ಹತ್ತಿರ ಬೈಸಿಕೊಂಡಿದ್ದೆ. ಅದೇ ಕೈ, ಈಗ ಇಟ್ಟಿಗೆಯಲ್ಲಿ!

"ಅದಕ್ಕೇ ಮೇಲ್ತುದಿಗೆ ಗಾರೆ ಬಳಿದಿದ್ದು!" ಇಮಾಮ್‌ಸಾಬ್ ತೊಡೆ ತಟ್ಟಿಕೊಂಡರು. "ನಾನು ಹೇಳಲಿಲ್ವಾ?"

"ನೀವು ಗೊಣಗಿದ್ರಿ, ಹೇಳಲಿಲ್ಲ" ಅಂದಳು ಸುಜಾತಾ.

ಮುರುಗೇಂದ್ರಪ್ಪನವರ ಮುಖ ಮಾತ್ರ ನಿಧಾನವಾಗಿ ಬದಲಾಗುತ್ತಿತ್ತು. "ಅಂದ್ರೆ... ದೊರೆ ಪ್ರಕಾರ ಇದು ಮುಗಿದ ಮನೆ?"

"ಅವತ್ತೇ ಮುಗಿದಿತ್ತು ಸರ್. ಈಗ ಹಾಳಾಗಿರೋದು."

"ಹಂಗಾದ್ರೆ ಅಪಶಕುನ ಇಲ್ಲ" ಅಂದರು ತಮಗೆ ತಾವೇ. ಆಮೇಲೆ ನಮ್ಮ ತಗಡು, ಗವಾಕ್ಷಿ ನೋಡಿ ಮತ್ತೆ ಮುಖ ಸಣ್ಣದು ಮಾಡಿದರು. "ಆದ್ರೆ ಈ ಪಂಪ್‌ಸೆಟ್ ಮನೆ ಇಟ್ಕೊಂಡು ಏನು ಮಾಡ್ಲಿ? ಜೆಸಿಬಿ ಬಂದೈತೆ. ನಾಳೆ ಪೂಜೆ. ಇದನ್ನ ಒಡೆಯಾಕೆ ಹೋದ್ರೆ ಹಳೇದೂ ಬೀಳತೈತಲ್ಲ?"

ಜೆಸಿಬಿಯವನು ಎಂಜಿನ್ ಆರಿಸಿರಲಿಲ್ಲ. ಆ ಗುಡುಗುಡು ಸದ್ದು ಕಾಲಿನಿಂದ ಹೊಟ್ಟೆಗೆ ಏರುತ್ತಿತ್ತು. ನಾನು ಸಾಮಾನ್ಯವಾಗಿ ಹೊರಗಿನ ಗಂಡಸರ ಮುಂದೆ ದನಿ ಎತ್ತುವವಳಲ್ಲ. ಆದರೆ ನನ್ನ ಬೆರಳಿಗೆ ಗೊತ್ತಿತ್ತು, ಆ ಬೆಳಿಗ್ಗೆಯಷ್ಟೇ ಮುಟ್ಟಿದ್ದೆ.

"ಒಣಗಿಲ್ಲ!" ಅಂತ ಕೂಗಿಯೇಬಿಟ್ಟೆ. "ಸುಣ್ಣ ಇನ್ನೂ ಹಸಿಯಾಗಿದೆ. ಸಿಮೆಂಟ್ ಅಲ್ಲ ಅದು. ಸಂಜೆವರೆಗೆ ಸಮಯ ಕೊಡಿ, ನಾವೇ ಬಿಚ್ಚುತ್ತೇವೆ!"

ಎಲ್ಲರೂ ನನ್ನ ಕಡೆ ತಿರುಗಿದರು. ಮುರುಗೇಂದ್ರಪ್ಪನವರು ಜೆಸಿಬಿಗೆ ಕೈ ಮಾಡಿದರು. ಎಂಜಿನ್ ನಿಂತಿತು.

ಇಮಾಮ್‌ಸಾಬ್ ಮೊದಲ ಇಟ್ಟಿಗೆಗೆ ಕರಣೆಯ ತುದಿ ಹಾಕಿ ಮೀಟಿದರು. ಪಚಕ್ ಅಂತ ಎದ್ದು ಬಂತು. ಅಡಿಯಲ್ಲಿ ದೊರೆಯ ನುಣುಪು ಗಾರೆ, ಒಂದು ಗೀರೂ ಇಲ್ಲದೆ. ನಾವು ಮೂವರೂ ಒಟ್ಟಿಗೆ ಕಿರುಚಿದೆವು. ನಮ್ಮ ಇಟ್ಟಿಗೆ ದಪ್ಪ, ಕೆಂಪು. ಹಳೆಯದು ತೆಳು, ಕಪ್ಪುಗಂದು. ತಪ್ಪುವ ಭಯವೇ ಇಲ್ಲ. ಗಿರಿಜಕ್ಕ ಇಳಿಸಿದರೆ ನಾನು ಹಿಡಿದೆ, ನಾನು ಕೊಟ್ಟರೆ ಸುಜಾತಾ ಒಟ್ಟಿದಳು. ನಂದಿನಿ ನನ್ನ ಹಳೇ ಸೀರೆಯ ಚೂರು ನೀರಲ್ಲಿ ಅದ್ದಿ ಅಂಟಿದ ಸುಣ್ಣ ಒರೆಸಿದಳು. ಮುರುಗೇಂದ್ರಪ್ಪನವರು ಬಿಳಿ ಪಂಚೆ ಮೇಲೆ ಕಟ್ಟಿ ತಗಡಿನ ಒಂದು ಬದಿ ಹಿಡಿದರು. ಇಮಾಮ್‌ಸಾಬ್ ತಮ್ಮ ಗವಾಕ್ಷಿ ಕೀಳುವಾಗ ಮಾತ್ರ ಮುಖ ತಿರುಗಿಸಿಕೊಂಡು, "ನೀವೇ ತೆಗೀರಿ, ನನ್ನ ಕೈಯಿಂದ ಆಗಲ್ಲ" ಅಂದರು.

ಮುಂದಿನ ಗೋಡೆ ಇಳಿಯುತ್ತಿದ್ದಂತೆ ಮೊದಲು ಆಕಾಶ ಬಂತು, ಆಮೇಲೆ ಆಚೆ ದಡದ ತೆಂಗಿನ ತಲೆಗಳು, ಕೊನೆಗೆ ಹೊಳೆ. ಬಂಡೆಗಳ ನಡುವೆ ಸಂಜೆ ಬಿಸಿಲು ಹೊಳೆಯುವ ತೆಳ್ಳನೆ ನೀರು. ಎಷ್ಟೋ ದಿನ ಕಾಣದ ನೆಂಟರು ಬಾಗಿಲಲ್ಲಿ ನಿಂತ ಹಾಗೆ. ಗಿರಿಜಕ್ಕ ಬೆಂಚಿನ ಮೇಲೆ ಕುಸಿದು ಕೂತು, "ಅಬ್ಬಾ, ಗಾಳಿ!" ಅಂದರು. ಅಷ್ಟೇ. ಕಣ್ಣಲ್ಲಿ ನೀರಿತ್ತು.

ಪಾತ್ರೆ ತಂದಾಗಿತ್ತಲ್ಲ. ಇಟ್ಟಿಗೆ ಮೂರು ಜೋಡಿಸಿ ಒಲೆ ಹೂಡಿ ಹಾಲುಕ್ಕಿಸಿದೆವು. ಮುರಿದ ಮೇಲೆ ಗೃಹಪ್ರವೇಶವಾದ ಮನೆ ಹೊನ್ನಾಳಿಯಲ್ಲಿ ಅದೊಂದೇ ಇರಬೇಕು. ಹಾಲು ಉಕ್ಕಿ ಕೆಂಡದ ಮೇಲೆ ಚುಂಯ್ ಅಂದಾಗ ಮುರುಗೇಂದ್ರಪ್ಪನವರು ಕೈ ಮುಗಿದರು. ಗಿರಿಜಕ್ಕ ಎದ್ದು ಕಮಾನಿನಿಂದ ದೃಷ್ಟಿಗೊಂಬೆ ಬಿಚ್ಚಿದರು. ಬಿಸಾಡಲಿಲ್ಲ. ಛತ್ರದ ಪಾಯಕ್ಕೆ ಗುರುತು ಹಾಕಿದ ಕಡೆ ಹೋಗಿ ಗೂಟಕ್ಕೆ ಕಟ್ಟಿದರು. "ಇನ್ನೂ ಮುಗೀದೇ ಇರೋದು ಇದೇ ಅಲ್ವಾ" ಅಂದರು.

ಛತ್ರ ಎದ್ದಿತು, ಒಂದು ಬದಿಗೆ ಸರಿದು. ಮದುವೆಯಾದ ಜೋಡಿಗಳು ನೇರ ಮಂಟಪಕ್ಕೆ ಬಂದು ಮಲಗಿದ ಕಂಬದ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಲಗ್ನವಿಲ್ಲದ ಸಂಜೆಗಳು ನಮ್ಮವು. ಯಜಮಾನರು ನಿವೃತ್ತರಾದಾಗ ಯಾವ ಊರಿಗೆ ಹೋಗೋಣ ಎಂದು ಕೇಳಿದರು. ನಾನು ಹೊಲಿಗೆ ಎತ್ತಿಕೊಂಡು ಮಂಟಪಕ್ಕೆ ಹೊರಟೆ. ಅವರು ಇದೇ ಬೀದಿಯಲ್ಲಿ ಮನೆ ಹುಡುಕಿದರು.

ಇವತ್ತು ಸಂಜೆ ಲಲಿತಾಳನ್ನು ಮೊದಲ ಸಲ ಮಂಟಪಕ್ಕೆ ಕರೆದುಕೊಂಡು ಹೋದೆ. ದಿನವೆಲ್ಲ ಗೋಡೆ ಬಳಿದು ಅವಳ ಹುಬ್ಬಿನ ಮೇಲೂ ಸುಣ್ಣದ ಚುಕ್ಕೆ. ಗಿರಿಜಕ್ಕ ಮಂಡಕ್ಕಿ ಬಿಚ್ಚಿದರು, ಸುಜಾತಾ ಬಿಸಿ ಮಿರ್ಚಿ ಮುಂದಿಟ್ಟಳು. ಲಲಿತಾ ಬೆಂಚಿನ ಮೇಲೆ ಕಾಲು ಮಡಚಿ ಕೂತು, ಗಾಳಿಗೆ ಮುಖ ಕೊಟ್ಟು, "ಇಂಥ ಜಾಗ ನಮ್ಮ ಜಗಳೂರಾಗೆ ಇಲ್ಲ ಬಿಡ್ರಿ" ಅಂದಳು. ಒಂದು ಮಿರ್ಚಿ ಮುಗಿಸಿದಳು. ಆಮೇಲೆ ತಲೆಯೆತ್ತಿ ಕಮಾನು ನೋಡಿದಳು, ಇಳಿದ ಗೋಡೆ ನೋಡಿದಳು, ಬೆರಳಿನ ಎಣ್ಣೆಯನ್ನು ಪೇಪರಿಗೆ ಒರೆಸಿಕೊಳ್ಳುತ್ತಾ ಅಂದಳು:

"ಪಾಪ, ಯಾರೋ ಅರ್ಧಕ್ಕೇ ಬಿಟ್ಟು ಹೋಗ್ಯಾರೆ. ನಮ್ಮನೆ ಸುಣ್ಣ ಹೆಂಗೂ ಮಿಕ್ಕೈತೆ ಅಕ್ಕಾರೇ, ಒಂದು ಟ್ರ್ಯಾಕ್ಟರ್ ಇಟ್ಟಿಗೆ ತರಿಸಿದ್ರೆ ನಾವು ನಾಲ್ಕು ಜನಾನೇ ಸೇರಿ ಮುಗಿಸಿಬಿಡಬಹುದು, ಅಲ್ವೇನ್ರೀ?"